ಹುಳದಣ್ಣನ ಖಾಲಿ ಸೂಜಿ
ಕಾಲೇಜಿನ ಕೀಟಸಂಗ್ರಹದ ಕೋಣೆ ಕಾಯುವ ಅಟೆಂಡರನನ್ನು ಎಲ್ಲರೂ ಕರೆಯುವುದು ಹುಳದಣ್ಣ ಎಂದು; ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿದೆ. ಆ ಕೋಣೆಯಲ್ಲಿ ಅವನು ಜೋರಾಗಿ ಉಸಿರಾಡುವುದಿಲ್ಲ, ಸೀನು ಬಂದರೆ ಹೊರಗೋಡಿ ಸೀನಿ ಬರುತ್ತಾನೆ, ಸತ್ತು ಐವತ್ತು ವರ್ಷವಾದ ಜೀರುಂಡೆಗೂ "ಸ್ವಲ್ಪ ಸರಿಯಪ್ಪ" ಎಂದು ಹೇಳಿಯೇ ಧೂಳು ಒರೆಸುತ್ತಾನೆ. ಪ್ರತಿವರ್ಷ ಕಿಟಕಿಯ ಗಾರ್ಡೀನಿಯಾ ಹೂಗಿಡದ ಕುಂಡದಲ್ಲಿ ಬಾಲಕ್ಕೆ ಕೊಂಬಿರುವ ಹಸಿರು ಹುಳು ಕಂಡಿತೆಂದರೆ ಊಟಕ್ಕೆ ಕೂತರೂ ಅದೇ ಧ್ಯಾನ. "ಮಗಳು ಹೊಟ್ಟೇಲಿದ್ದಾಗ್ಲೂ ನೀವು ಇಷ್ಟು ಒದ್ದಾಡಿರ್ಲಿಲ್ಲ" ಎನ್ನುತ್ತಾಳೆ ಹೆಂಡತಿ. ಹುಳು ಮಣ್ಣಿಗಿಳಿದು ಕೋಶವಾಗಿ, ಒಂದು ಬೆಳಗ್ಗೆ ಪತಂಗವಾಗಿ ಏಳುತ್ತದೆ. ರೆಕ್ಕೆಗೆಲ್ಲ ಬೂದು ಪುಡಿ. ಮೊದಲ ಸಲ ಹಾರಲು ಗಡಗಡ ನಡುಗಿದೊಡನೆ ಪುಡಿ ಉದುರಿ, ರೆಕ್ಕೆ ಗಾಜಾಗಿ, ಅದರೊಳಗಿಂದ ಆಚೆಯ ಆಕಾಶ ಕಾಣುತ್ತದೆ. ಆ ದಿನವಿಡೀ ಹುಳದಣ್ಣನ ಕಾಲು ನೆಲಕ್ಕೆ ತಾಗುವುದಿಲ್ಲ. ಸಂಗ್ರಹದ ಹೊಣೆ ಹೊತ್ತ ಪ್ರೊಫೆಸರಿಗೆ ಬೇಕಾದದ್ದು ಪುಡಿ ಉದುರದ ಪತಂಗ, ಅಂದರೆ ಒಮ್ಮೆಯೂ ಹಾರದ್ದು. ಅದನ್ನು ಚುಚ್ಚಿಡಲೆಂದು ಪೆಟ್ಟಿಗೆಯಲ್ಲಿ ಚೀಟಿ ಅಂಟಿಸಿ ಸೂಜಿ ನೆಟ್ಟು ಹತ್ತೊಂಬತ್ತು ವರ್ಷವಾಯಿತು. "ಈ ಸಲ ಏನಾಯ್ತಪ್ಪಾ?" "ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಹಾರೋಯ್ತು ಸಾರ್." ಕಿಟಕಿ ತೆರೆದವನು ತಾನೇ ಎಂದು ಮಾತ್ರ ಹೇಳುವುದಿಲ್ಲ. ತಮ್ಮ ನಿವೃತ್ತಿಯ ದಿನ ಪ್ರೊಫೆಸರು ಕನ್ನಡಕ ಏರಿಸಿ ಆ ಪೆಟ್ಟಿಗೆಯ ಮುಚ್ಚಳ ತೆಗೆದರು. ಖಾಲಿ ಸೂಜಿಯ ಸುತ್ತ, ಬಿಳಿ ಕಾಗದದ ಮೇಲೆ, ವರ್ಷಕ್ಕೊಂದರಂತೆ ಬೂದು ಪುಡಿಯ ಹತ್ತೊಂಬತ್ತು ಬೊಟ್ಟು. ಗದರಲು ಬಾಯಿ ತೆರೆದವರು ತಟ್ಟನೆ ಉಸಿರು ಬಿಗಿಹಿಡಿದು, ಮುಚ್ಚಳ ಮೆಲ್ಲಗೆ ಇಳಿಸಿ, ಹೊರಗೋಡಿ ಸೀನಿ ಬಂದರು.