ಶಾಂತಕ್ಕ ಮತ್ತು ಎರಡನೇ ಪ್ರತಿವಾದಿ

ಆ ಬೆಳಿಗ್ಗೆಯೂ ಐದೂವರೆಗೆ ಎದ್ದು ಹಾಲಿನ ಪ್ಯಾಕೆಟ್ ತೊಳೆದೆ, ಡಿಕಾಕ್ಷನ್ ಇಳಿಸಿದೆ, ಲಾರಿ ನೀರಿಗೆ ಕೊಡಗಳನ್ನು ಕೆಳಗಿಟ್ಟು ಬಂದೆ. ಒಂಬತ್ತಕ್ಕೆ ನಮ್ಮವರು ಟಿಫನ್ ಡಬ್ಬಿ ಹಿಡಿದು ಇನ್ಶೂರೆನ್ಸ್ ಆಫೀಸಿಗೆ ಹೊರಟರು. ಹತ್ತಕ್ಕೆ ಸರಿಯಾಗಿ ಕನ್ನಡಕ ಒರೆಸಿಕೊಂಡು, ಬಾಯಿಗೊಂದು ಲವಂಗ ಹಾಕಿಕೊಂಡು, ಎದುರು ಫ್ಲ್ಯಾಟಿನ ಬೆಲ್ ಒತ್ತಿದೆ. ಎರಡು ವರ್ಷದಿಂದ ವಾರಕ್ಕೆ ಐದು ದಿನ ಇದೇ ಕ್ರಮ. ಶಾಂತಕ್ಕ ಬಾಗಿಲು ತೆಗೆದು, "ಬಾರವ್ವಾ" ಅಂದರು. ಹಾಗೆನ್ನುವಾಗಲೂ ಅವರ ಬಲಗೈ ತೋರುಬೆರಳು ಎಡ ಅಂಗೈಯ ಮೇಲೆ ಏನನ್ನೋ ಗೀಚುತ್ತಲೇ ಇತ್ತು.

ಆ ಬೆರಳಿನ ವಿಷಯ ಮೊದಲು ಹೇಳಬೇಕು. ಶಾಂತಕ್ಕ, ಎಂದರೆ ಗುರುಶಾಂತಮ್ಮ, ಮೂವತ್ತೆರಡು ವರ್ಷ ಹೈಕೋರ್ಟಿನಲ್ಲಿ ಸ್ಟೆನೋ ಆಗಿದ್ದವರು. ಜಡ್ಜುಗಳು ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದೂ ಬರೆದೂ, ನಿವೃತ್ತಿಯಾದ ಮೇಲೂ ಬೆರಳಿಗೆ ಆ ಚಾಳಿ ಬಿಟ್ಟಿರಲಿಲ್ಲ. ಎದುರಿಗೆ ಯಾರು ಮಾತಾಡಿದರೂ, ತರಕಾರಿಯವನಾದರೂ ಸರಿ, ಆ ಬೆರಳು ಅಂಗೈಯ ಮೇಲೆ ಗೆರೆ ಎಳೆಯುತ್ತಿತ್ತು. "ಹೋದ ಮಂಗಳವಾರ ನೀನು ಬದನೆಕಾಯಿಗೆ ಏನು ರೇಟ್ ಹೇಳಿದ್ದೀ, ಓದಿ ಹೇಳಲೇನು?" ಎಂದು ಅವನನ್ನು ರೇಗಿಸುತ್ತಿದ್ದರು. ಅವನು ಅದನ್ನು ನಿಜವೆಂದೇ ನಂಬಿದ್ದ.

ಬಳ್ಳಾರಿ ಕಡೆಯವರು. ಮದುವೆಯಾಗಿರಲಿಲ್ಲ. ಚೆನ್ನೈಗೆ ಬಂದು ನಲವತ್ತು ವರ್ಷವಾದರೂ ಊರ ಮಾತು ಬಿಟ್ಟಿರಲಿಲ್ಲ. ನಡುನಡುವೆ ತಮಿಳು ನುಗ್ಗುತ್ತಿತ್ತು ಅಷ್ಟೆ. ಬಿಳಿ ಮೈಯ ಸಣ್ಣ ಅಂಚಿನ ಸೀರೆ, ಹಣೆಗೆ ಮೂರು ಬೆರಳಿನ ವಿಭೂತಿ, ಕತ್ತಿನಲ್ಲಿ ದಾರ ಹಳದಿಯಾದ ಲಿಂಗದ ಕರಡಿಗೆ. ಮನೆಯಲ್ಲಿ ಬೆಲೆಬಾಳುವ ವಸ್ತು ಎಂದರೆ ಒಂದೇ ಒಂದು ಕಂಪ್ಯೂಟರ್. ಅದಕ್ಕೆ ಹಳೇ ದಿಂಬಿನ ಕವಚದಿಂದ ಹೊಲಿದ ಅಂಗಿ.

ಕೆಲವು ವಕೀಲರು, ಇಂಜಿನಿಯರುಗಳು ಸೇರಿ ದೇಶದ ಕಾಯಿದೆಗಳನ್ನೂ ಕೋರ್ಟಿನ ತೀರ್ಪುಗಳನ್ನೂ ಇಂಟರ್‌ನೆಟ್ಟಿನಲ್ಲಿ ಹಾಕಲು ಹೊರಟಿದ್ದರು, ಯಾರು ಬೇಕಾದರೂ ಬಿಟ್ಟಿಯಾಗಿ ಓದಲಿ ಎಂದು. ಹಳೇ ತೀರ್ಪುಗಳ ಪುಟಗಳನ್ನು ಯಂತ್ರ ಓದಿ ಅಕ್ಷರ ಮಾಡಿಕೊಡುತ್ತಿತ್ತು, ಸಾಲಿಗೆರಡು ತಪ್ಪು. ಆ ತಪ್ಪು ತಿದ್ದುವ ಕೆಲಸ ಶಾಂತಕ್ಕನದು. ಅವರಿಗೆ ಕಣ್ಣಿತ್ತು, ದನಿ ಬೇಕಿತ್ತು. ಮೂಲದ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ, ಕಾಮಾ, ಫುಲ್‌ಸ್ಟಾಪ್, ಹೊಸ ಪ್ಯಾರಾ ಎಂದೆಲ್ಲ ಹೇಳುತ್ತ ಓದಬೇಕು. ಅವರು ಪರದೆಯ ಮೇಲೆ ಹಿಂಬಾಲಿಸುತ್ತಿದ್ದರು. ನಮ್ಮ ಕಾನ್ವೆಂಟಿನ ಸಿಸ್ಟರ್ ನನಗೆ ಕಲಿಸಿದ್ದ ಒಂದೇ ವಿದ್ಯೆ, ಪದದ ಕೊನೆ ನುಂಗದೆ ಇಂಗ್ಲಿಷ್ ಓದುವುದು. ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಅದು ಉಪಯೋಗಕ್ಕೆ ಬಂತು.

"ಸಂಬಳ ಇಲ್ಲ. ಕಾಫಿ ಐತಿ" ಅಂದಿದ್ದರು ಶಾಂತಕ್ಕ.

ಯಾಕೆ ಇಷ್ಟು ಹಚ್ಚಿಕೊಂಡಿದ್ದೀರಿ ಎಂದು ಒಮ್ಮೆ ಕೇಳಿದೆ. "ಕೋರ್ಟಿನಾಗ ತೀರ್ಪಿನ ನಕಲು ಕೊಡೂ ಕಾಪಿ ಸೆಕ್ಷನ್ ಮುಂದ ಕಲ್ಲಿನ ಬೆಂಚು ಐತಿ ನೋಡು. ಮೂವತ್ತೆರಡು ವರ್ಷ ಅದರ ಮುಂದ ಹಾದು ಹೋದೆ. ಕೂತವರು ಬದಲಿ ಆಗ್ತಿದ್ರು, ಮುಖ ಅದಽ. ತಮ್ಮದಽ ಕೇಸು, ತಮ್ಮದಽ ತೀರ್ಪು. ಅದನ್ನ ಕಣ್ಣಿಂದ ನೋಡಾಕ ನಾಳೆ ಬಾ, ನಾಡಿದ್ದು ಬಾ. ಆ ತೀರ್ಪು ಟೈಪ್ ಮಾಡಿದಾಕಿ ನಾನು. ನನ್ನ ಚೀಲದಾಗ ಕಾರ್ಬನ್ ಕಾಪಿ ಇರ್ತಿತ್ತು. ಕೊಡುವಂಗಿಲ್ಲ."

ಅವರ ಹಟಕ್ಕೆ ನಮ್ಮ ಕಟ್ಟಡದ ಲಿಫ್ಟೇ ಸಾಕ್ಷಿ. ಮನೆಗೆಲಸದವರು ಲಿಫ್ಟ್ ಬಳಸಕೂಡದು ಎಂದು ಕಟ್ಟಡದ ಸಂಘದ ಸೆಕ್ರೆಟರಿ ಒಂದು ನೋಟೀಸು ಅಂಟಿಸಿದರು. ಶಾಂತಕ್ಕ ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದರು: "ಯಾವ ಕಾಯಿದೆ? ಯಾವ ಕಲಂ?" ಮರುದಿನ ನೋಟೀಸು ಇರಲಿಲ್ಲ. ಗೋಡೆಗೂ ಸ್ವಲ್ಪ ಹತ್ತಿದ್ದ ಪೆನ್ಸಿಲ್ ಬರಹ ಮಾತ್ರ ಉಳಿದಿತ್ತು. ಸೆಕ್ರೆಟರಿಯ ಮಾತಿಗೆ ಎದುರಾಡುವವರು ಆ ಕಟ್ಟಡದಲ್ಲಿ ಬೇರೆ ಯಾರೂ ಇರಲಿಲ್ಲ. ನಮ್ಮ ಬಡಾವಣೆ ಕೀಲ್ಪಾಕಿನಲ್ಲಿ ನಲ್ಲಿ ಒಣಗಿದ್ದ ಆ ವರ್ಷಗಳಲ್ಲಿ ನೀರಿನ ಲಾರಿ ತರಿಸುತ್ತಿದ್ದವರು ಸೆಕ್ರೆಟರಿ. ಯಾರಿಗೆ ಎಷ್ಟು ಕೊಡ ಎಂದು ನಿಂತು ಹೇಳುತ್ತಿದ್ದವರೂ ಅವರು. ಬೆಳಗಿನ ಹೊತ್ತಿಗೇ ಇಸ್ತ್ರಿ ಮಾಡಿದ ಪಂಚೆ, ಚಂದನದ ವಾಸನೆ, ಕನ್ನಡದವರು ಸಿಕ್ಕರೆ "ನಮ್ಮವರು" ಎಂಬ ನಗು.

ಆ ಎರಡು ವರ್ಷ ನಾನು ಓದಿದ್ದೆಲ್ಲ ಚೆಂದವಾಗಿರಲಿಲ್ಲ. ಗಂಡಸರು ಹೆಂಗಸರಿಗೆ ಮಾಡಿದ್ದು, ಅಣ್ಣಂದಿರು ತಂಗಿಯರಿಗೆ ಮಾಡಿದ್ದು, ಎಲ್ಲವೂ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, ನಂಬರು ಹಾಕಿದ ಪ್ಯಾರಾಗಳಲ್ಲಿ. ಕೆಲವು ಪದ ಬಂದಾಗ ನನ್ನ ನಾಲಿಗೆ ಏಳುತ್ತಿರಲಿಲ್ಲ; ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದೆ. "ಅಕ್ಷರ ಬಿಡಿಸಿದ್ರ ಹೊಲಸು ಕಡಿಮಿ ಆಗ್ತದೇನವ್ವಾ? ಓದು. ಸಾಹೇಬ್ರು ಬರೆದದ್ದು ಬರೆದಂಗ ಇರ್ಲಿ" ಅನ್ನುತ್ತಿದ್ದರು. ಮಧ್ಯಾಹ್ನ ಮನೆಗೆ ಬಂದು ಬಾಯಿ ಮುಕ್ಕಳಿಸದೆ ಊಟಕ್ಕೆ ಕೂರಲು ನನಗಾಗುತ್ತಿರಲಿಲ್ಲ.

ಅಂಥದೇ ಒಂದು ದಿನ ಒಂದು ತೀರ್ಪಿನ ಮೊದಲ ಪುಟ ಓದುತ್ತಿದ್ದೆ. ಅರ್ಜಿದಾರಳ ಹೆಸರು ಶಶಿಕಲಾ. ಮೊದಲನೇ ಪ್ರತಿವಾದಿ ಒಂದು ಸರ್ಕಾರಿ ಕಚೇರಿ. ಎರಡನೇ ಪ್ರತಿವಾದಿಯ ಹೆಸರು ಹೇಳಿದೆ, ಕಾಮಾ ಅಂದೆ, ತಂದೆಯ ಹೆಸರು ಹೇಳಿದೆ, ಕಾಮಾ ಅಂದೆ, ಮನೆ ನಂಬರು, ಬೀದಿ ಹೇಳಿ, ಕೀಲ್ಪಾಕ್ ಎನ್ನುವಾಗ ನಾನು ಓದುತ್ತಿರುವುದು ನಮ್ಮದೇ ಕಟ್ಟಡದ ವಿಳಾಸ ಎಂದು ಹೊಳೆಯಿತು. ಎರಡನೇ ಮಹಡಿ. ಸೆಕ್ರೆಟರಿ.

"ಫುಲ್‌ಸ್ಟಾಪ್ ಹೇಳಲಿಲ್ಲ ನೀನು" ಅಂದರು ಶಾಂತಕ್ಕ. ಅವರ ಮುಖ ಪರದೆಯಿಂದ ತಿರುಗಲಿಲ್ಲ.

ಹದಿನಾಲ್ಕು ವರ್ಷದ ಹಿಂದಿನ ಕೇಸು. ಸೆಕ್ರೆಟರಿಯ ತಮ್ಮ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರು. ಅವರ ಕಚೇರಿ ಅನುಕಂಪದ ಮೇಲೆ ಹೆಂಡತಿ ಶಶಿಕಲಾಗೆ ಒಂದು ಕೆಲಸ ಕೊಡಬೇಕಿತ್ತು. ಆಗ ಈ ಅಣ್ಣ ಕಚೇರಿಗೆ ಕಾಗದ ಬರೆದರು: ಅವಳು ನನ್ನ ತಮ್ಮನ ಧರ್ಮಪತ್ನಿಯಲ್ಲ, ಆ ಮಗು ನನ್ನ ತಮ್ಮನದಲ್ಲ ಎಂದು. ಕಾಗದದ ಉಳಿದ ಮಾತುಗಳನ್ನು ಜಡ್ಜು ತೀರ್ಪಿನಲ್ಲಿ ಹಾಗೆಯೇ ಎತ್ತಿ ಬರೆದಿದ್ದರು, ಎರಡು ಪುಟ. ನಾನು ಓದಿದೆ. ಕಾಮಾಗಳನ್ನೂ ಬಿಡಲಿಲ್ಲ. ಆಮೇಲೆ ಜಡ್ಜಿನ ಮಾತು ಬಂತು: ಇದರಲ್ಲಿ ಒಂದಕ್ಷರಕ್ಕೂ ಆಧಾರವಿಲ್ಲ, ಒಬ್ಬ ವಿಧವೆಯನ್ನು ಮನೆಯಿಂದ ಓಡಿಸುವುದಕ್ಕಾಗಿ ಗೊತ್ತಿದ್ದೂ ಬರೆದ ಸುಳ್ಳು. ಕೆಲಸ ಕೊಡಿ ಎಂದು ಆಜ್ಞೆ.

ಆ ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ, ಅಷ್ಟೆ. ಮೂರನೇ ದಿನ ಸೆಕ್ರೆಟರಿ ಮಠದ ಪ್ರಸಾದ ಹಿಡಿದು ಶಾಂತಕ್ಕನ ಮನೆಗೆ ಬಂದರು. ನಾನು ಅಲ್ಲೇ ಇದ್ದೆ. ಕಾಫಿ ಮಾಡಿದವಳೂ ನಾನೇ.

"ಅಮ್ಮಾ, ನೀವು ಹಿರಿಯರು, ನಮ್ಮವರು" ಎಂದು ಶುರು ಮಾಡಿದರು. "ಅವಳು ಒಂಟಿ ಹೆಂಗಸು. ಅವಳ ಹೆಸರು ಲೋಕಕ್ಕೆಲ್ಲ ಕಾಣೋ ಹಾಗೆ ಹಾಕೋದು ಸರಿಯೇ? ನನಗೇನು, ಗಂಡಸು, ತಡ್ಕೋತೀನಿ. ಅವಳ ಮಾನದ ಪ್ರಶ್ನೆ."

ಶಾಂತಕ್ಕನ ಬೆರಳು ಅಂಗೈಯ ಮೇಲೆ ಓಡುತ್ತಿತ್ತು. "ಆ ಹುಡುಗಿನ್ನ ಕೇಳೀರೇನು?"

"ಅವಳ ಜೊತೆ ನಮಗೆ ಮಾತಿಲ್ಲ."

"ಹದಿನಾಲ್ಕು ವರ್ಷ ಮಾತಿಲ್ಲದಾಕಿ ಮಾನದ ಚಿಂತಿ ನಿಮಗ ಇವತ್ತು ಮುಂಜಾನೆ ಹತ್ತಿತೇನ್ರಿ?"

ಅವರಿಗೆ ಸಿಟ್ಟು ಬರಲಿಲ್ಲ. ನಿಧಾನವಾಗಿ ಕಾಫಿ ಕುಡಿದು, "ತುಂಬ ಚೆನ್ನಾಗಿದೆ" ಎಂದು ನನ್ನ ಕಡೆ ನಕ್ಕು ಹೋದರು. ಲೋಟದ ಅಂಚಿನಲ್ಲಿ ಅವರ ತುಟಿಯ ಗುರುತು ಉಳಿದಿತ್ತು. ಹುಣಿಸೆಹಣ್ಣು ಹಾಕಿ ಮೂರು ಸಲ ತಿಕ್ಕಿದೆ.

ಅವರಿಗೆ ಹೇಗೆ ಗೊತ್ತಾಯಿತು ಎಂದು ಶಾಂತಕ್ಕ ಕೇಳಲಿಲ್ಲ. ನಾನು ಮನೆಯಲ್ಲಿ ಕೇಳಿದೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಒಂದು ಮಾತು ಅವರ ಕಿವಿಗೆ ಹಾಕಿದೆ, ಅಷ್ಟೆ. ನಾಳೆ ನೀರಿಗೆ ಅವರ ಮುಖ ನೋಡಬೇಕಲ್ಲ" ಅಂದರು.

ಶನಿವಾರ ಶಾಂತಕ್ಕ ನನ್ನನ್ನೂ ಕರೆದುಕೊಂಡು ಎರಡು ಬಸ್ಸು ಬದಲಾಯಿಸಿ ಚೆನ್ನೈನ ಉತ್ತರದ ಅಂಚಿನ ಮಣಲಿಗೆ ಹೋದರು. ಶಶಿಕಲಾ ಅಲ್ಲೇ ಎರಡು ಕೋಣೆಯ ಮನೆಯಲ್ಲಿದ್ದಳು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದ್ದಳು. ಎಣ್ಣೆ ಕಾರ್ಖಾನೆಯ ವಾಸನೆ ಅದನ್ನೂ ದಾಟಿ ಒಳಗೆ ಬರುತ್ತಿತ್ತು. ಮಗಳಿಗೆ ಹದಿನಾರು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಚೂಟಿ ಹುಡುಗಿ. ತಾಯಿ ಅವಳನ್ನು ಮೊಸರು ತರಲು ಕಳಿಸಿದಳು.

ಶಾಂತಕ್ಕ ಏನನ್ನೂ ಮುಚ್ಚಿಡಲಿಲ್ಲ. "ಇದು ಲೋಕಕ್ಕೆಲ್ಲ ಕಾಣ್ತದ. ಅವ ಬರೆದ ಹೊಲಸೂ ಅದರಾಗ ಐತಿ. ಜಡ್ಜ್ ಸಾಹೇಬ್ರು ಎಲ್ಲಾ ಎತ್ತಿ ಬರೆದಾರ. ನೀ ಬ್ಯಾಡ ಅಂದ್ರ ನಾನು ಬಿಡಸ್ತೀನಿ."

ಶಶಿಕಲಾ ಸೆರಗಿನ ದಾರವೊಂದನ್ನು ಎಳೆದು ಕಿತ್ತಳು. "ಅಕ್ಕಾ, ಅವರು ಬರೆದದ್ದು ಹದಿನಾಲ್ಕು ವರ್ಷದಿಂದ ಎಲ್ಲರ ಬಾಯಲ್ಲೂ ಇದೆ. ಜಡ್ಜ್ ಬರೆದದ್ದು ಮಾತ್ರ ಯಾರ ಬಾಯಲ್ಲೂ ಇಲ್ಲ. ಕೋರ್ಟಿನ ಕಾಪಿ ತೊಗೊಂಡು ಹೋಗಿ ನೆಂಟರಿಗೆ ತೋರಿಸಿದೆ. ಇವಳೇ ಟೈಪ್ ಮಾಡಿಸಿಕೊಂಡು ಬಂದಿದ್ದಾಳೆ ಅಂದರು. ಮಗಳನ್ನ ಒಂದು ಮದುವೆಗೆ ಕರೆಯೋದಿಲ್ಲ, ಒಂದು ಹಬ್ಬಕ್ಕೆ ಕರೆಯೋದಿಲ್ಲ. ಈಗ ಅವರ ಮಕ್ಕಳೆಲ್ಲ ಕಂಪ್ಯೂಟರ್ ಮುಂದೆ ಕೂರೋರು. ಅದರಲ್ಲಿ ಬಂದರೆ ನಂಬ್ತಾರೆ. ನನ್ನ ಹೆಸರು ಇರಲಿ. ಮಗಳ ಹೆಸರೂ ಇರಲಿ."

ಅದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟಳು. ಬಸ್ಸಿನಲ್ಲಿ ಶಾಂತಕ್ಕ ಆ ಹಾಳೆಯನ್ನು ಚೀಲದಿಂದ ಎರಡು ಸಲ ತೆಗೆದು ನೋಡಿದರು.

ಆ ಹಾಳೆಯನ್ನೂ ಸೇರಿಸಿ ವಕೀಲರಿಗೆ ಕಳಿಸಿದ ಎರಡು ವಾರಕ್ಕೆ ತೀರ್ಪು ಆ ಜಾಲತಾಣದಲ್ಲಿ ಬಂತು, ಹೆಸರು, ವಿಳಾಸ ಸಮೇತ. ಶಾಂತಕ್ಕ ಫೋನಿನಲ್ಲಿ ವೆಬ್‌ಸೈಟಿನ ವಿಳಾಸವನ್ನು ಒಂದೊಂದೇ ಅಕ್ಷರ ಹೇಳಿ ಬರೆಸಿದರು. ಶಶಿಕಲಾ ಹನ್ನೊಂದು ಇನ್‌ಲ್ಯಾಂಡ್ ಪತ್ರ ಬರೆದಳು, ಹನ್ನೊಂದು ನೆಂಟರ ಮನೆಗೆ. ಇದನ್ನು ತೆಗೆದು ಓದಿ, ಓದಿದ ಮೇಲೆ ನಿಮಗೆ ಸರಿ ಕಂಡಂತೆ ಮಾಡಿ ಎಂದು.

ನಾನು ಹೇಳಹೊರಟ ಆ ಬೆಳಿಗ್ಗೆ, ಪತ್ರಗಳನ್ನು ಡಬ್ಬಿಗೆ ಹಾಕಿ ಎರಡು ದಿನವಾಗಿತ್ತು. ಫೋನ್ ಲೈನಿನಲ್ಲಿ ಕಿರ್ರೆಂದು ಕೂಗಿ ಇಂಟರ್‌ನೆಟ್ ಹತ್ತಿತು. ದಿನಾ ಕೆಲಸಕ್ಕೆ ಮುಂಚೆ ಶಾಂತಕ್ಕ ಆ ಪುಟವನ್ನೊಮ್ಮೆ ತೆರೆದು ನೋಡುತ್ತಿದ್ದರು. ಅಂದೂ ತೆರೆದರು. ಶಶಿಕಲಾ ಎಂದಿದ್ದ ಕಡೆ ಎಕ್ಸ್ ಎಂದಿತ್ತು. ಎರಡನೇ ಪ್ರತಿವಾದಿ ವೈ. ವಿಳಾಸದ ಜಾಗದಲ್ಲಿ ನಾಲ್ಕು ಚುಕ್ಕೆ. ಅವನು ಬರೆದ ಎರಡು ಪುಟದ ಹೊಲಸು ಮಾತ್ರ ಒಂದು ಕಾಮಾ ಕೂಡ ಕದಲದೆ, ನಾವು ತಿದ್ದಿಕೊಟ್ಟಷ್ಟೇ ಶುದ್ಧವಾಗಿ ಕೂತಿತ್ತು.

ಶಾಂತಕ್ಕ ಇಂಟರ್‌ನೆಟ್ ಕಡಿದು ತಾಣದ ವಕೀಲರಿಗೆ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಗೌರವದಿಂದಲೇ ಮಾತಾಡಿದರು. ಸೆಕ್ರೆಟರಿಯ ಕಡೆಯಿಂದ ಲಾಯರ್ ನೋಟೀಸು ಬಂದಿದೆ, ಒಬ್ಬ ಹೆಂಗಸಿನ ಮಾನ ಕಾಪಾಡಿ ಎಂದು. ಅಂಥ ವಿಷಯದಲ್ಲಿ ಹೆಸರು ಮರೆಮಾಡುವುದೇ ಒಳ್ಳೆಯದು ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು ಎಂದರು.

"ಆಕೆ ಸಹಿ ಹಾಕಿದ ಕಾಗದ ನಿಮ್ಮ ಹತ್ತಿರ ಇದೆಯಲ್ಲ" ಎಂದರು ಶಾಂತಕ್ಕ ತಮಿಳಿನಲ್ಲಿ.

ಇದೆ, ಆದರೆ ಮುಂದೆ ಆಕೆಯೇ ಪಶ್ಚಾತ್ತಾಪ ಪಡಬಹುದು ಎಂದರು ಅವರು.

"ಅವನ ಹೆಸರಾದರೂ ಇಡಿ."

ಅವರ ಹೆಸರಿದ್ದರೆ ಆಕೆ ಯಾರೆಂದು ಗೊತ್ತಾಗುತ್ತದಲ್ಲ ಅಮ್ಮಾ, ಎಂದರು.

ಶಾಂತಕ್ಕ ಫೋನ್ ಇಟ್ಟರು. ನಾನು ಎಷ್ಟೋ ಹೊಲಸನ್ನು ಆ ಕುರ್ಚಿಯಲ್ಲಿ ಕೂತು ಓದಿದ್ದೆ. ಅಂದು ಬಂದಂಥ ಹೇಸಿಗೆ ಯಾವುದರಿಂದಲೂ ಬಂದಿರಲಿಲ್ಲ. ಅದರಲ್ಲಿ ನನ್ನ ಪಾಲೂ ಇತ್ತು. "ಶಾಂತಕ್ಕಾ, ನಮ್ಮವರಿಗೆ ಹೇಳಿದವಳು ನಾನೇ" ಅಂದೆ.

"ಗೊತ್ತೈತಿ."

ಕಂಪ್ಯೂಟರಿಗೆ ಅಂಗಿ ತೊಡಿಸಿದರು. ಕೊಡೆ ತೆಗೆದುಕೊಂಡರು. "ಆ ಪತ್ರ ಇವತ್ತು ನಾಳೆ ಮುಟ್ಟತಾವ. ಅವರು ತೆಗೆದು ನೋಡೂಕಿಂತ ಮುಂಚೆ ಆಕಿಗೆ ಗೊತ್ತಿರಬೇಕು. ಹೇಳಿ ಬರ್ತೀನಿ."

ನಾನೂ ಚಪ್ಪಲಿ ಮೆಟ್ಟಿದೆ.

"ನೀ ಬ್ಯಾಡವ್ವಾ" ಅಂದರು. ದನಿಯಲ್ಲಿ ಒರಟುತನವಿರಲಿಲ್ಲ. ಎರಡು ಕೈಯೂ ಕೊಡೆಯ ಹಿಡಿಯ ಮೇಲಿದ್ದವು, ಬೆರಳು ಏನನ್ನೂ ಬರೆಯುತ್ತಿರಲಿಲ್ಲ.

ನಾನು ಅವರ ಜೊತೆ ಓದಲು ಹೋದ ಕೊನೆಯ ದಿನ ಅದು. ಆಮೇಲೆ ಮೆಟ್ಟಿಲ ಮೇಲೆ ಸಿಕ್ಕರೆ ಮಾತಾಡಿಸುತ್ತಿದ್ದರು, ಮಕ್ಕಳ ಓದು ವಿಚಾರಿಸುತ್ತಿದ್ದರು. ಹತ್ತು ಗಂಟೆಗೆ ಬಾ ಎಂದು ಮಾತ್ರ ಕರೆಯಲಿಲ್ಲ. ಆ ವರ್ಷವೇ ಮನೆ ಬಿಟ್ಟು ಅಕ್ಕನ ಮಗಳ ಹತ್ತಿರ ಬಳ್ಳಾರಿಗೆ ಹೋದರು. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರೆಂದು ಕಾರ್ಡು ಬಂತು. ಹನ್ನೊಂದು ಪತ್ರಗಳ ಗತಿ ಏನಾಯಿತೆಂದು ಅವರು ನನಗೆ ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಆ ಕೊನೆಯ ದಿನದ ಸಂಜೆ ಗೇಟಿನ ಹತ್ತಿರ ಹೂವಿನವಳು ಬುಟ್ಟಿ ಇಳಿಸಿದ್ದಳು. ಪಕ್ಕದ ಮನೆಯ ಸುಜಾತಾ ಆಗಲೇ ಅಲ್ಲಿದ್ದಳು, ಮಲ್ಲಿಗೆಯನ್ನು ಮೊಳ ಹಾಕಿಸುತ್ತ. ಮಣಲಿಗೆ ಹೋದ ಶಾಂತಕ್ಕ ಇನ್ನೂ ಬಂದಿರಲಿಲ್ಲ. ನಾನು ರಸ್ತೆಯ ಕಡೆಗೇ ನೋಡುತ್ತ ನಿಂತಿದ್ದೆ.

"ನಿಮಗೂ ವಿಷಯ ಗೊತ್ತಿರಬೇಕಲ್ಲ" ಅಂದಳು ಸುಜಾತಾ, ಹೂವನ್ನು ಮೂಸಿ ನೋಡುತ್ತ. "ಸೆಕ್ರೆಟರಿ ಸಾರ್ ಮನಸ್ಸು ಎಷ್ಟು ದೊಡ್ಡದು ನೋಡಿ. ತಮ್ಮನ ಹೆಂಡತಿ ಎಂಥವಳೇ ಆಗಿರಲಿ, ಪಾವಂ, ಪಾಪ, ಅವಳ ಹೆಸರು ಹೊರಗೆ ಬರಬಾರದು ಅಂತ ತಾವೇ ಲಾಯರ್ ಇಟ್ಟು ತೆಗೆಸಿದಾರಂತೆ. ಈ ಕಾಲದಲ್ಲಿ ಯಾರು ಮಾಡ್ತಾರೆ ಹೇಳಿ. ನಿಮಗೆ ಎಷ್ಟು, ಎರಡು ಮೊಳ ಸಾಕಾ?"