ಸರದಾರಸಾಬನ ಕಿವಿ, ಎರಡು ಫೋನು

ಸರದಾರಸಾಬನ ಕಿವಿಯ ವಿಷಯವಾಗಿ ನಾನು ಹೇಳುವುದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಮಾತ್ರ ಕೇಳಬೇಡಿ, ನನಗೂ ಈಗ ನೆನಪಿಲ್ಲ. ಬೆಳಗಾವಿಯ ಆಟೋ ನಗರದಲ್ಲಿ ಕುರ್ಚಿ ಹಾಕಿಕೊಂಡು ಕುಳಿತವನು, ಖಾನಾಪುರದ ಆಚೆ ಕಾಡಿನಲ್ಲಿ ಒಂದು ಲಾರಿ ಕೆಮ್ಮಿದರೆ ‘ಡೀಸೆಲ್‌ನ್ಯಾಗ ನೀರು ಸೇರೇತಿ’ ಎನ್ನುತ್ತಿದ್ದ. ಉದ್ಯಮಬಾಗದ ಫೌಂಡ್ರಿಯಲ್ಲಿ ಯಾರೋ ನಟ್ಟು ಕೆಳಗೆ ಬೀಳಿಸಿದರೆ ಇಲ್ಲಿಂದಲೇ ಅದರ ಸೈಜು ಹೇಳುತ್ತಿದ್ದ. ನನ್ನ ಸ್ಕೂಟರು ಶಿವಬಸವ ನಗರದ ನಮ್ಮ ಮನೆ ಬಿಡುವ ಮೊದಲೇ ಮಗ ಶಾಕಿರನನ್ನು ಕರೆದು, ‘ತಮ್ಮಣ್ಣನ ಕ್ಲಚ್ ವಾಯರ್ ಹರಿಯಾಕತ್ತೇತಿ, ಹೊಸಾದು ತಗದಿಡು’ ಎನ್ನುತ್ತಿದ್ದನಂತೆ. ನಾನು ಗ್ಯಾರೇಜು ಮುಟ್ಟುವಷ್ಟರಲ್ಲಿ ವಾಯರು ಸಿದ್ಧ, ಚಹಾ ಸಿದ್ಧ, ಬೈಗುಳವೂ ಸಿದ್ಧ.

ಸುಳ್ಳನ್ನೆಲ್ಲ ಸೋಸಿ ತೆಗೆದರೂ ಉಳಿಯುವುದು ಕಡಿಮೆಯೇನಲ್ಲ. ಅವನ ಗ್ಯಾರೇಜಿನ ಎದುರಿಗೇ ನನ್ನ ಸ್ಪೇರ್ ಪಾರ್ಟಿನ ಅಂಗಡಿ. ಅವನು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತದ್ದನ್ನು ನಾನು ನೋಡುತ್ತ ಬಂದಿದ್ದೇನೆ. ಡಾಕ್ಟರನ ಎದುರು ಮೈಮುಚ್ಚಿಕೊಂಡು ಕೂರುವ ರೋಗಿಗಳ ಹಾಗೆ ಇಂಜಿನ್ನುಗಳೂ ಅವನ ಮುಂದೆ ನಾಚಿಕೊಳ್ಳುತ್ತಿದ್ದವು.

ಸರದಾರನ ಮೊಣಕಾಲು ಹಿಡಿದುಕೊಂಡ ಮೇಲೆ ಗಾಡಿಯ ಕೆಳಗೆ ನುಸುಳುವ ಕೆಲಸ ಶಾಕಿರನಿಗೆ ಹೋಯಿತು. ಹೊಸ ಗಾಡಿಗಳ ರೋಗವನ್ನು ಶಾಕಿರ ಒಂದು ಸಣ್ಣ ಯಂತ್ರ ಚುಚ್ಚಿ, ತನ್ನ ಫೋನಿನಲ್ಲಿ ಓದುತ್ತಾನೆ. ಅಲ್ಲಿ ಕಿವಿಗೆ ಕೆಲಸವಿಲ್ಲ. ಸರದಾರನ ಪಾಲಿಗೆ ಉಳಿದದ್ದು ಬಾಗಿಲ ಬಳಿಯ ಒಂದು ಕಬ್ಬಿಣದ ಕುರ್ಚಿ, ಮತ್ತು ಹಳೆಯ ಗಾಡಿಗಳ ಡ್ರೈವರುಗಳು. ಅವರು ಎಲ್ಲೇ ಕೆಟ್ಟು ನಿಂತರೂ ಬಾನೆಟ್ ತೆಗೆದು, ಇಂಜಿನ್ನಿನ ದನಿಯನ್ನು ಫೋನಿನಲ್ಲಿ ಹಿಡಿದು ವಾಟ್ಸಪ್ಪಿಗೆ ಕಳಿಸುತ್ತಿದ್ದರು. ಅದಕ್ಕೊಂದು ರಿವಾಜು ಇತ್ತು: ಮೊದಲು ಸಲಾಮು ಅಥವಾ ನಮಸ್ಕಾರ, ಆಮೇಲೆ ಊರು, ಆಮೇಲೆ ಬಾಯಿ ಮುಚ್ಚಿಕೊಂಡು ಎಕ್ಸಲೇಟರ್ ಒತ್ತುವುದು. ನಡುವೆ ಯಾರಾದರೂ ಮಾತಾಡಿದರೆ, ‘ನಿನ್ನ ದನಿ ಯಾಂವ ಕೇಳ್ಯಾನಲೇ? ಗಾಡಿಗೆ ಮಾತಾಡಾಕ ಬಿಡು’ ಎಂಬ ಉತ್ತರ ಹೋಗುತ್ತಿತ್ತು. ಸರಿಯಾಗಿ ಕಳಿಸಿದರೆ ಒಂದೇ ಶಬ್ದದ ಉತ್ತರ. ‘ಬೆಲ್ಟ್.’ ‘ಬೇರಿಂಗ್.’ ಅಥವಾ ‘ಏನಿಲ್ಲ, ಹೊಡಿ.’

ಈ ‘ಏನಿಲ್ಲ, ಹೊಡಿ’ಯೇ ಅವನನ್ನು ಹೊಡೆಯಿತು.

ಖಾನಾಪುರದ ಗಜಾನನ ಹಂಚು ಸಾಗಿಸುವ ಪಿಕಪ್ ಗಾಡಿಯವನು. ಕಳೆದ ವರ್ಷ ಒಂದು ಮುಂಜಾನೆ ದನಿ ಕಳಿಸಿದ, ಸರದಾರ ‘ಏನಿಲ್ಲ, ಹೊಡಿ’ ಎಂದ, ಗಜಾನನ ಹೊಡೆದ. ಮಧ್ಯಾಹ್ನದ ಹೊತ್ತಿಗೆ ಬೇರಿಂಗ್ ಸುಟ್ಟು, ಬೆಲ್ಟು ಕಡಿದು, ಗಾಡಿ ನಡುದಾರಿಯಲ್ಲಿ ಕೂತಿತು. ಹಂಚಿನ ಮೇಲೆ ರೊಟ್ಟಿ ಸುಡಬಹುದಾದಂಥ ಬಿಸಿಲು. ಸಂಜೆ ಗಾಡಿ ಎಳೆಸಿಕೊಂಡು ಬಂದವನು ಸಿಟ್ಟು ಮಾಡಲಿಲ್ಲ, ನಕ್ಕ.

“ಚಾಚಾ, ಇವತ್ತ ನಿಮ್ಮ ಕಿವಿಗೆ ಸೂಟಿ ಇತ್ತೇನು?”

ಸರದಾರ ನಗಲಿಲ್ಲ. ತನ್ನ ಕೈಯೊಳಗಿನ ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, “ಈ ಫೋನ್ ದನಿ ನುಂಗತೈತಿ” ಎಂದ.

ಫೋನು ಪಾಪದ್ದು, ಶಾಕಿರ ಬಳಸಿ ಬಿಟ್ಟ ಆಂಡ್ರಾಯ್ಡು. ಅದೇ ದನಿಯನ್ನು ನಾನು ಅಂಗಡಿಯ ಗಲ್ಲೆಯ ಮೇಲೆ ಕೂತು ಕೇಳಿಸಿಕೊಂಡಿದ್ದೆ. ಸೊಳ್ಳೆಯ ಮದುವೆಗೆ ಸನಾದಿ ಊದಿದ ಹಾಗೆ ‘ಕುಂಯ್’ ಎನ್ನುವ ಸಣ್ಣ ಸೀಟಿ. ನನಗೇ ಕೇಳಿಸಿದ್ದು ಅವನಿಗೆ ಕೇಳಿಸಲಿಲ್ಲ ಎಂದರೆ ಅರ್ಥವೇನೆಂದು ನನಗೆ ಆಗಲೇ ಗೊತ್ತಾಯಿತು. ಶಾಕಿರನಿಗೂ ಗೊತ್ತಾಯಿತು, ಎದುರಿನ ಚಹಾದವನಿಗೂ ಗೊತ್ತಾಯಿತು. ಆದರೆ ಇಂಥ ಮಾತನ್ನು ಇಂಥವನ ಮುಂದೆ ಯಾರು ಹೇಳಬೇಕು? ಹೀಗಾಗಿ ಎಲ್ಲರೂ ಕೂಡಿ ಫೋನಿನ ಮೇಲೆ ಬಿದ್ದೆವು.

ಆಟೋ ನಗರ ಎರಡು ಪಾರ್ಟಿಯಾಯಿತು. ಶಾಕಿರ ಆಂಡ್ರಾಯ್ಡ್ ಪಾರ್ಟಿಯ ಮುಖಂಡ. “ಅಬ್ಬಾ, ಇದರಾಗs ದೊಡ್ಡ ಮಾಡೆಲ್ ತಗೋರಿ. ನನ್ನ ಯಂತ್ರಾನೂ ಇದಕ್ಕs ಕೂಡತೈತಿ. ಕೆಟ್ರ ಇಲ್ಲೇ ಓಣ್ಯಾಗ ರಿಪೇರಿ ಆಕ್ಕೈತಿ.” ಐಫೋನ್ ಪಾರ್ಟಿಗೆ ಸರದಾರನ ಮಗಳು ಅಲ್ಮಾಸಳೇ ದಿಕ್ಕು. ಅವಳು ಖಾನಾಪುರಕ್ಕೆ ಕೊಟ್ಟ ಮಗಳು, ಅಲ್ಲಿ ಸಾಲಿ ಟೀಚರು. ಅವಳು ಫೋನ್ ಮಾಡಿ, “ಅಬ್ಬಾ, ಅಣ್ಣನ ಮಾತು ಕೇಳಬ್ಯಾಡ್ರಿ. ಐಫೋನಿನ ದನಿ ಗಾಜಿನಂಗ ಇರತೈತಿ” ಎಂದಳು. ವೆಲ್ಡಿಂಗಿನವರು ಒಂದು ಕಡೆ, ಟೈರಿನವರು ಇನ್ನೊಂದು ಕಡೆ. ಚುನಾವಣೆಯಲ್ಲೂ ನಮ್ಮಲ್ಲಿ ಅಷ್ಟು ಬಾಯಿ ಆಗುವುದಿಲ್ಲ. ಐಫೋನನ್ನು ಹೊಗಳುತ್ತಿದ್ದವರಲ್ಲಿ ಮುಕ್ಕಾಲು ಮಂದಿ ಅದನ್ನು ಮುಟ್ಟಿದವರಲ್ಲ, ಬೈಯುತ್ತಿದ್ದವರು ನೋಡಿದವರೂ ಅಲ್ಲ.

ನಾನು, ಸರದಾರ ಪೇಟೆಯ ಒಂದು ಫೋನಿನ ಅಂಗಡಿಗೆ ಹೋದೆವು. ಅಲ್ಲಿಯ ಓಂಕಾರ ಎಂಬ ತರುಣ ಎರಡೂ ಬಗೆಯವನ್ನು ಗಾಜಿನ ಮೇಲೆ ಹರವಿ, ಕ್ಯಾಮೆರಾದ ಪುರಾಣ ಶುರು ಮಾಡಿದ.

“ಫೋಟೋ ನೋಡ್ರಿ ಅಜ್ಜಾರ, ಕೂದಲ ಕೂದಲ ಎಣಸಬಹುದು.”

“ಎಣಸಾಕ ನನ್ನ ತಲಿ ಮ್ಯಾಗ ಎಲ್ಲದಾವೋ? ಬೇರಿಂಗ್ ಅಳೂದು ಕೇಳಸತೈತೇನು, ಅದನ್ನ ಹೇಳು.”

ಓಂಕಾರ ಬೇರಿಂಗಿನ ಬದಲು ಒಂದು ಹಾಡು ಹಚ್ಚಿದ. ಸರದಾರ ಫೋನನ್ನು ಎಡಗಿವಿಗೆ ಹಿಡಿದ, ಬಲಗಿವಿಗೆ ಹಿಡಿದ, ಮತ್ತೆ ಎಡಗಿವಿಗೆ ಹಿಡಿದ. “ಡೋಲು ಚಲೋ ಬರತೈತಿ,” ಎಂದ. ಹಾಡಿನ ತುಂಬ ಕೊಳಲಿತ್ತು.

ಏನೂ ಕೊಳ್ಳದೆ ಮರಳಿದೆವು. ನಡುವೆ ಅಲ್ಮಾಸ ತನ್ನ ಗಂಡನ ಹಳೆಯ ಐಫೋನು ತಂದುಕೊಟ್ಟಳು. ಇಡೀ ಆಟೋ ನಗರದಲ್ಲಿ ಯಾರ ಚಾರ್ಜರಿನ ತುದಿಯೂ ಅದಕ್ಕೆ ಹೊಂದದು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಫೋನು ಕಣ್ಣು ಮುಚ್ಚುತ್ತಿತ್ತು. ಅಂದಿನಿಂದ ಸರದಾರ ಎರಡನ್ನೂ ಎರಡು ಕಿಸೆಯಲ್ಲಿಟ್ಟುಕೊಂಡು ತಿರುಗತೊಡಗಿದ, ಇಬ್ಬರು ಹೆಂಡಂದಿರ ಗಂಡನ ಹಾಗೆ. ನನಗೆ ವರದಿ ಒಪ್ಪಿಸಿದ:

“ಆಂಡ್ರಾಯ್ಡು ಚಹಾದಂಗಡಿ ಮಂದಿ ಇದ್ದಂಗ, ಕೇಳಿದ್ದಕ್ಕೂ ಹೇಳತೈತಿ, ಕೇಳದ್ದಕ್ಕೂ ಹೇಳತೈತಿ. ಐಫೋನು ದೊಡ್ಡ ಹೋಟೆಲ್ ವೇಟರ್ ಇದ್ದಂಗ, ಭಾಳ ಅದಬು, ಭಾಳ ಮರ್ಯಾದಿ. ಆದ್ರ ಅಡಗಿ ಮನ್ಯಾಗ ಏನ್ ನಡದೈತಿ ಅಂತ ಇಬ್ಬರೂ ಹೇಳೂದಿಲ್ಲೋ ತಮ್ಮಣ್ಣ.”

ಅವನ ಹೆಂಡತಿ ಅಮೀನಾಬೀ ಊಟದ ಡಬ್ಬಿ ಕೊಡಲು ಬಂದವಳು ನನ್ನ ಅಂಗಡಿಯ ಮುಂದೆ ನಿಂತಳು.

“ಭಾಯಿಸಾಬ್, ಮನ್ಯಾಗ ಕುಕ್ಕರ್ ಸೀಟಿ ಹೊಡದ್ರ ಇವ್ರಿಗಿ ಕೇಳಸೂದಿಲ್ಲ. ಮೊನ್ನಿ ಬ್ಯಾಳಿ ಕರೀ ಇದ್ದಲಿ ಆತು. ಕುಕ್ಕರಿಗೂ ಒಂದು ಐಫೋನ್ ಕೊಡಸೂಣೇನು?”

“ನೀವs ಒಂದ್ ಮಾತ ಹೇಳ್ರಿ ಭಾಭೀ.”

“ಹೇಳಿದೆ. ಕೇಳಸಲಿಲ್ಲ ಅಂದ್ರು.”

ಇಬ್ಬರೂ ನಕ್ಕೆವು. ನಕ್ಕ ಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನಾನು ಕಪಾಟಿನ ಧೂಳು ಒರೆಸತೊಡಗಿದೆ.

ಫೋನಿನ ನ್ಯಾಯ ಕೊನೆಗೂ ಖಾನಾಪುರದಲ್ಲಿ ತೀರ್ಮಾನವಾಯಿತು. ಒಂದು ರವಿವಾರ ಅಲ್ಮಾಸಳ ಮನೆಗೆ ಊಟಕ್ಕೆ ಹೋದೆವು: ಸರದಾರ, ಶಾಕಿರ, ನಾನು. ಬಿರಿಯಾನಿ ಹೇಗಿತ್ತೆಂದರೆ ಅದರ ವಾಸನೆಗೆ ಗೋವೆಗೆ ಹೊರಟ ರೈಲು ಹಳಿ ಬದಲಿಸಿ ಓಣಿಗೆ ಬರುವುದಿತ್ತು. ಉಂಡು ಕೈ ತೊಳೆಯುವಾಗ ಗಜಾನನ ಗಾಡಿಯೊಂದಿಗೆ ಬಾಗಿಲಿಗೆ ಬಂದ. ಇಂಜಿನ್ನು ಮತ್ತೆ ಏನೋ ಹೇಳುತ್ತಿತ್ತು. ಮರುದಿನ ಬೆಳಿಗ್ಗೆ ಹಂಚು ತುಂಬಿಕೊಂಡು ಘಾಟು ಇಳಿಯಬೇಕು.

“ಬರ್ರಿ, ಇವತ್ತs ಫೈಸಲಾ ಆಗಲಿ,” ಎಂದ ಸರದಾರ. ಎರಡೂ ಫೋನುಗಳನ್ನು ಬಾನೆಟ್ಟಿನ ಹತ್ತಿರ ಅಕ್ಕಪಕ್ಕ ಹಿಡಿಸಿ ಒಂದೇ ದನಿಯನ್ನು ತುಂಬಿಸಿದ. ಇಂಜಿನ್ನು ಬಂದ್ ಮಾಡಿಸಿ ಮೊದಲು ಆಂಡ್ರಾಯ್ಡು ಹಚ್ಚಿದ. ದಪ್ಪನೆಯ ಗುಡುಗುಡು, ಅದರ ಮೇಲೆ ದಾರ ಎಳೆದಂತೆ ಆ ಸೀಟಿ. ಆಮೇಲೆ ಐಫೋನು ಹಚ್ಚಿದ. ಅದೇ ಗುಡುಗುಡು, ಅದೇ ಸೀಟಿ. ಎರಡು ಕಂಪನಿಗಳೂ ಇದೊಂದರಲ್ಲಿ ರಾಜಿಯಾಗಿದ್ದವು. ಮನೆಯೊಳಗಿನ ಬೆಕ್ಕು ಕಿವಿ ನೆಟ್ಟಗೆ ಮಾಡಿ ಹೊರಗೆ ಬಂದು ನೋಡಿತು.

ಸರದಾರ ತಲೆಯಾಡಿಸಿದ. “ಎರಡರಾಗೂ ಇಲ್ಲ. ಎರಡೂ ಕಳ್ಳ ಅದಾವ.”

ಆಗ ಅವನು ಯಾರೂ ಎಣಿಸದ ಕೆಲಸ ಮಾಡಿದ. “ಗಜ್ಯಾ, ಚಾಲೂ ಮಾಡು,” ಎಂದು, ಗಾಡಿಯ ಡಬ್ಬಿಯಿಂದ ಉದ್ದ ಸ್ಕ್ರೂಡ್ರೈವರು ತೆಗೆದು, ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದ. ಇದರಲ್ಲಿ ಕಂಪನಿಯಿಲ್ಲ, ಮಾಡೆಲ್ಲಿಲ್ಲ. ಬರೀ ಕಬ್ಬಿಣ ಮತ್ತು ಕಿವಿ. ಒಂದು ಕಡೆ ಊರಿದ. ಇನ್ನೊಂದು ಕಡೆ ಊರಿದ. ಬೇರಿಂಗಿನ ಎದೆಯ ಮೇಲೆಯೇ ಊರಿದ. ಸೀಟಿ ಓಣಿಯ ತುದಿಯವರೆಗೂ ಕೇಳುತ್ತಿತ್ತು.

ಅವನು ಕಣ್ಣು ತೆಗೆದಾಗ ಮೊದಲು ನನ್ನನ್ನೇ ನೋಡಿದ. ನಾನು ಬೆಕ್ಕನ್ನು ನೋಡಿದೆ.

“ಏನಿಲ್ಲ,” ಎಂದ. “ಹೊಡಿ.”

ಗಜಾನನ ಶಾಕಿರನ ಮುಖ ನೋಡಿದ. ಶಾಕಿರ ಕಣ್ಣಲ್ಲೇ ಏನೋ ಹೇಳಿದ. “ಖರೇ ಚಾಚಾ,” ಎಂದ ಗಜಾನನ, “ನನಗೂ ಹಂಗs ಅನಿಸಿತ್ತು. ಏನಿಲ್ಲ.” ಅಲ್ಮಾಸ ಒಳಗೆ ಓಡಿದಳು. ಆ ದಿನ ಸಂಜೆಯೇ ಖಾನಾಪುರದ ಬೇರೊಂದು ಗ್ಯಾರೇಜಿನಲ್ಲಿ ಗಜಾನನ ಬೇರಿಂಗು ಬದಲಿಸಿದ. ಬೇರಿಂಗು ಕೊಟ್ಟವನು ನಾನೇ. ಬಸ್ಸಿನಲ್ಲಿ ಕಳಿಸಿಕೊಡುವಂತೆ ಅಂಗಡಿಯ ಹುಡುಗನಿಗೆ ಫೋನು ಮಾಡಿದೆ, ಸರದಾರನಿಗೆ ಬೆನ್ನು ಹಾಕಿ, ಮೆಲ್ಲಗೆ.

ಬೆನ್ನು ಹಾಕುವ ಅಗತ್ಯವಾದರೂ ಏನಿತ್ತು?

ಅಲ್ಮಾಸ ಬಿಡಲಿಲ್ಲ. ಬೆಳಗಾವಿಗೆ ಬಂದು ಅಪ್ಪನನ್ನು ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದಳು, ಜೊತೆಗೆ ನನ್ನನ್ನೂ. ಡಾಕ್ಟರು ಚೀಟಿಯ ಮೇಲೆ ಇಳಿಜಾರಿನ ಗೆರೆಯೊಂದನ್ನು ತೋರಿಸಿ ಹೇಳಿದರು: ಸುತ್ತಿಗೆಯ, ಇಂಜಿನ್ನಿನ ಗದ್ದಲದಲ್ಲಿ ಬಾಳಿದ ಕಿವಿ, ಸಣ್ಣ ದನಿಗಳೆಲ್ಲ ಹೋಗಿವೆ, ತಿರುಗಿ ಬರುವುದಿಲ್ಲ. ಮಷೀನು ಹಾಕಿದರೆ ಮಂದಿಯ ಮಾತು ಚೆನ್ನಾಗಿ ಕೇಳುತ್ತದೆ.

“ಮತ್ತ ಬೇರಿಂಗ್?” ಎಂದ ಸರದಾರ.

ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅಲ್ಮಾಸ ಅರ್ಥ ಮಾಡಿಸಿದಳು. ಡಾಕ್ಟರು ಮತ್ತೊಮ್ಮೆ ಗೆರೆಯನ್ನೇ ನೋಡಿದರು.

ಮಷೀನು ಮಾರುವ ಕೋಣೆಯಲ್ಲಿ ಸೃಷ್ಟಿ ಎಂಬ ಹುಡುಗಿ ಅವನ ಕಿವಿಯ ಅಳತೆ ತೆಗೆದುಕೊಂಡು, ನಕ್ಕು, “ಇದು ಫೋನಿಗೆ ಕೂಡತೈತ್ರಿ ಅಜ್ಜಾರ. ನಿಮ್ಮದು ಆಂಡ್ರಾಯ್ಡೋ ಐಫೋನೋ?” ಎಂದು ಕೇಳಿದಳು.

ಒಂದು ವರ್ಷದಿಂದ ಇಡೀ ಆಟೋ ನಗರ ಬಡಿದಾಡಿದ ಪ್ರಶ್ನೆ. ಅವಳು ಎರಡು ಸಲ ಕೇಳಬೇಕಾಯಿತು. ಸರದಾರ ಎರಡೂ ಕಿಸೆಯಿಂದ ಎರಡನ್ನೂ ತೆಗೆದು ಮೇಜಿನ ಮೇಲಿಟ್ಟ.

“ಯಾವುದಕ್ಕಾರ ಹಚ್ಚವಾ. ಇಬ್ಬರದೂ ತಪ್ಪಿಲ್ಲ, ಬೇಗುನಾ ಅದಾರ.”

ಆಂಡ್ರಾಯ್ಡಿಗೆ ಹಚ್ಚಿದರು. ಶಾಕಿರನ ಪಾರ್ಟಿ ಗೆದ್ದಿತು. ಯಾರೂ ಪೇಢೆ ಹಂಚಲಿಲ್ಲ.

ಮರುದಿನ ಕುರ್ಚಿಯಲ್ಲಿ ಕೂತವನ ಕಿವಿಯ ಹಿಂದೆ ಅಡಿಕೆಯ ಹೋಳಿನಷ್ಟು ಮಷೀನು. ಚಹಾದ ಗ್ಲಾಸು ಇಟ್ಟ ದನಿಗೆ ಬೆಚ್ಚಿದ. “ತಮ್ಮಣ್ಣ, ನಿನ್ನ ದನಿ ಇಷ್ಟು ಖರಾಬ್ ಐತಿ ಅನ್ನೂದು ಮರತಬಿಟ್ಟಿದ್ದೆ,” ಎಂದ. ಒಂದು ಗಳಿಗೆ ನನಗೆ ಹಳೆಯ ಸರದಾರನೇ ತಿರುಗಿ ಬಂದಂತಾಯಿತು.

ಅಷ್ಟರಲ್ಲಿ ಗಜಾನನ ದನಿ ಕಳಿಸಿದ. ಸಂಗಡಿಗನೊಬ್ಬನ ಗಾಡಿಯದಂತೆ. ಈಗ ಅದು ಗಾಳಿಯಲ್ಲಿ ಬರಲಿಲ್ಲ, ಫೋನಿನಿಂದ ನೇರವಾಗಿ ಅವನ ಕಿವಿಯೊಳಗೇ ಇಳಿಯಿತು. ಕಣ್ಣು ಮುಚ್ಚಿ ಕೇಳಿದ. ಮತ್ತೆ ಹಚ್ಚಿ ಕೇಳಿದ. ಕೊನೆಗೆ ಫೋನನ್ನು ಬಾಯಿಯ ಹತ್ತಿರ ಹಿಡಿದು, “ಏನಿಲ್ಲ, ಹೊಡಿ,” ಎಂದು ಕಳಿಸಿದ.

ಶಾಕಿರನಿಗೂ ಅದೇ ದನಿ ಬಂದಿತ್ತು. ನಾವು ಖಾನಾಪುರದಿಂದ ಬಂದ ಮೇಲೆ ಡ್ರೈವರುಗಳೆಲ್ಲ ಇಬ್ಬರಿಗೂ ಕಳಿಸುವ ಹೊಸ ರಿವಾಜು ಬಿದ್ದಿತ್ತು. ಅವನು ಒಂದು ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ, ದಿನದಂತೆ, ಗಜಾನನಿಗೆ ಫೋನು ಹಚ್ಚಿದ. ದಿನದಂತೆ ಮೆಲ್ಲಗೆ. ಅಪ್ಪನ ಕಿವಿಯಲ್ಲಿ ಮಷೀನಿರುವುದು ಅವನಿಗೆ ಮರೆತೇ ಹೋಗಿತ್ತು.

“ಗಜ್ಯಾ, ಅಬ್ಬಾ ಹೇಳಿದ್ದು ಬಿಡು. ನೀರಿನ ಪಂಪ್ ಹೋಗೇತಿ, ಗಾಡಿ ಹೊಡೀಬ್ಯಾಡಂತ ಹೇಳು... ಹಾಂ, ಅವ್ರಿಗಿ ‘ಚಲೋ ಓಡಾಕತ್ತೇತಿ ಚಾಚಾ’ ಅಂತ ಒಂದ್ ಮೆಸೇಜ್ ಹಾಕಿಬಿಡು. ಎಲ್ಲಾರೂ ಹಾಕತಾರ.”

ಎದುರಿನ ಅಂಗಡಿಯಲ್ಲಿದ್ದ ನನಗೆ ಕೇಳಿಸಿತು. ಸರದಾರನಿಗೂ ಕೇಳಿಸಿತು. ಮಷೀನಿನ ತಪ್ಪು ಹುಡುಕುವಂತಿರಲಿಲ್ಲ. ಡಾಕ್ಟರು ಹೇಳಿದಂತೆ ಮಂದಿಯ ಮಾತು ಚೆನ್ನಾಗಿಯೇ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಸರದಾರನ ಫೋನು ನಡುಗಿತು: ‘ಚಲೋ ಓಡಾಕತ್ತೇತಿ ಚಾಚಾ.’ ಅದನ್ನು ಓದಿದ. ಮೇಲೆ ಸರಿಸಿ ಹಿಂದಿನದನ್ನು ಓದಿದ, ಅದರ ಹಿಂದಿನದನ್ನೂ ಓದಿದ. ಆಮೇಲೆ ಕಿವಿಯಿಂದ ಮಷೀನು ಬಿಚ್ಚಿ ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಕೈ ಮಾಡಿ ನನ್ನನ್ನು ಕರೆದ.

“ತಮ್ಮಣ್ಣ, ಇವೆರಡು ಬಿಟ್ಟು ಮೂರನೇ ಕಂಪನಿ ಯಾವುದೂ ಇಲ್ಲೇನೋ?”

ಜೀವಮಾನವಿಡೀ ನಾನು ಹೇಳಿದ ಸುಳ್ಳುಗಳನ್ನು ಸಾಲಾಗಿ ನಿಲ್ಲಿಸಿದರೆ ಖಾನಾಪುರ ದಾಟಿ ಸಮುದ್ರಕ್ಕೆ ಬೀಳುತ್ತವೆ. ಆ ಹೊತ್ತಿಗೆ ಒಂದೂ ಸಿಗಲಿಲ್ಲ. “ಇಲ್ಲೋ ಸರದಾರ” ಎಂದೆ. ಮಷೀನು ಡಬ್ಬಿಯಲ್ಲಿತ್ತು. ಅವನು ನನ್ನ ತುಟಿಯನ್ನೇ ನೋಡುತ್ತಿದ್ದು, ಆಮೇಲೆ ರಸ್ತೆಯ ಕಡೆ ತಿರುಗಿದ.

ಕುರ್ಚಿಯ ತೋಳಿನ ಮೇಲಿಟ್ಟ ಫೋನು ಮತ್ತೆ ನಡುಗಿತು. ಯಾರದೋ ಗಾಡಿ, ಯಾವುದೋ ಊರು. ಅವನು ಅದನ್ನು ಮುಟ್ಟಲಿಲ್ಲ.