ಕರೆಂಟು ಬಂದ ಮೇಲಿನ ಹಾಡು

ಅವರ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ಸವೆದ ಮರದ ತುಂಡಿನಂತೆ ಚಪ್ಪಟೆಯಾಗಿತ್ತು. ನಲವತ್ತು ವರ್ಷ ಕೈಮಗ್ಗದ ಹಲಗೆ ತುಳಿದ ಬೆರಳು. ಬನಹಟ್ಟಿಯಲ್ಲಿ ಸಾಲೆಯ ಮಾಸ್ತರನಾಗಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಅವರು. ಕಾಕಾ ಎನ್ನುತ್ತಿದ್ದೆ. ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಲೇ ಹಾಡು ಕಟ್ಟುತ್ತಿದ್ದರು. ಅಕ್ಷರ ಬರುತ್ತಿರಲಿಲ್ಲ. ಬರೆದುಕೊಳ್ಳುತ್ತೇನೆಂದರೆ, "ಕಾಲಿಗೆ ನೆನಪೈತಿ, ಕಾಗದ ಯಾಕ್ ಬೇಕ್ರಿ ಮಾಸ್ತರ?" ಎಂದು ನಗುತ್ತಿದ್ದರು.

ಗಂಟಲಲ್ಲಿ ಗಡ್ಡೆ ಎಂದು ಗೊತ್ತಾದ ಮೇಲೆ ನಗಲಿಲ್ಲ. ಸೋಮವಾರ ಮಿರಜಿನಲ್ಲಿ ಆಪರೇಷನ್. ಜೀವ ಉಳಿದರೂ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಹನ್ನೊಂದು ಹಾಡದಾವು. ಹೆಂಗಾರ ಮಾಡಿ ಹಿಡದಿಡ್ರಿ" ಎಂದು ನನ್ನ ಕೈ ಹಿಡಿದರು.

ಜಮಖಂಡಿಯ ಗೆಳೆಯನಿಂದ ಸೆಲ್ಲಿನ ಮೇಲೆ ನಡೆಯುವ ಟೇಪ್ ರೆಕಾರ್ಡರ್ ತಂದೆ. ನಮ್ಮ ಓಣಿಯ ತುಂಬ ಪವರ್‌ಲೂಮು. ಕರೆಂಟು ಹೋದಾಗ ಮಾತ್ರ ಮನುಷ್ಯರ ದನಿ ಕೇಳುತ್ತಿತ್ತು. ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟಿಲ್ಲ. ನಿಂತ ಮಗ್ಗ ಬಿಟ್ಟು ಐದು ಮಂದಿ ನೇಕಾರರು ಬಂದು ಗೋಡೆಗೆ ಆತು ಕುಳಿತರು.

ತಪ್ಪು ನಾನು ಮಾಡಿದೆ. ಕೈಮಗ್ಗದ ಸದ್ದು ಟೇಪಿನಲ್ಲಿ ಬರಬಾರದೆಂದು ಕಾಕಾನನ್ನು ಕುಣಿಯಿಂದ ಎಬ್ಬಿಸಿ ಜಮಖಾನೆಯ ಮೇಲೆ ಕೂರಿಸಿದೆ. ಎರಡು ಸಾಲು ಹಾಡಿ ನಿಲ್ಲಿಸಿದರು. ಮತ್ತೆ ಶುರು ಮಾಡಿದರು. ಮತ್ತೆ ನಿಲ್ಲಿಸಿದರು.

"ಲಗ್ನದಾಗ ಮದುಮಗ ಕುಂತಂಗ ಕುಂತೀರಲ್ರಿ ಕಾಕಾ!" ಎಂದನೊಬ್ಬ. ಯಾರೂ ನಗಲಿಲ್ಲ. ಕಾಕಾನ ಹೆಬ್ಬೆರಳು ಜಮಖಾನೆಯ ಮೇಲೆ ಏನನ್ನೋ ಹುಡುಕುತ್ತಿತ್ತು. ನಾನು ಅದನ್ನು ನೋಡಿದೆ, ಅರ್ಥವಾಗಲಿಲ್ಲ. "ಇನ್ನೊಮ್ಮೆ, ಇನ್ನೊಮ್ಮೆ" ಎನ್ನುತ್ತಲೇ ಒಂದು ತಾಸು ಕಳೆದೆ.

ಕಡೆಗೆ ಬಾಗಿಲ ಬಳಿ ಕುಳಿತಿದ್ದ ಅವರ ಹೆಂಡತಿ, ಕಾಕಿ, ಎದ್ದಳು. "ನಿಮ್ಮ ಡಬ್ಬಿ ಸುಡ್ಲಿ ಮಾಸ್ತರ! ಅವ್ರನ್ನ ಕುಣಿಗೆ ಇಳಸ್ರಿ."

ಇಳಿಸಿದೆವು. ಕಾಲು ಹಲಗೆ ತುಳಿಯಿತು, ಲಾಳಿ ಓಡಿತು, ಹಾಡು ಬಂತು. ಒಡೆದ ದನಿ, ಒಂದು ಹಾಡು ಮುಗಿಯುವಷ್ಟರಲ್ಲಿ ಬೆವರುತ್ತಿದ್ದರು. ಬಿಸಿನೀರು ಕುಡಿದು ಮುಂದಿನದಕ್ಕೆ ಹೋಗುತ್ತಿದ್ದರು.

"ಸೀರಿ ಉಟ್ಟಾಕಿ ದೂರ ಹೋದಳು, ನೇಯ್ದಾಂವ ಕುಣಿಯಾಗ ಉಳದಾನ" ಎಂದಾಗ, ಚೇಷ್ಟೆ ಮಾಡಿದವನೇ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಹತ್ತು ಹಾಡಾದವು. "ಇದು ನಿಮ್ಮ ಕಾಕಿ ಮ್ಯಾಲ ಕಟ್ಟಿದ್ದು. ಆಕಿ ಮುಂದೂ ಹಾಡಿಲ್ಲ" ಎಂದು ಕಣ್ಣು ಮುಚ್ಚಿ ಶುರು ಮಾಡಿದರು. ಮೊದಲ ಸಾಲಿಗೆ ಕರೆಂಟು ಬಂತು. ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ಎದ್ದವು. ಕಾಕಾ ಹಾಡು ನಿಲ್ಲಿಸಲಿಲ್ಲ. ಅವರ ತುಟಿ ಮಾತ್ರ ಕಾಣುತ್ತಿತ್ತು. ಮಗ್ಗ ನಿಲ್ಲಿಸಲು ಐವರೂ ಹೊರಗೋಡಿದರು. ಕಾಕಿ ಬಾಗಿಲಲ್ಲಿ ನಿಂತು ಓಣಿಗೆ ಕೂಗಿದಳು: "ಬಂದ್ ಮಾಡ್ರೋ! ಒಂದ್ ಗಳಿಗಿ ಬಂದ್ ಮಾಡ್ರೋ!"

ಓಣಿ ನಿಲ್ಲುವಷ್ಟರಲ್ಲಿ ಹಾಡು ಮುಗಿದಿತ್ತು. ಇನ್ನೊಮ್ಮೆ ಹಾಡಲು ಬಾಯಿ ತೆರೆದರು. ಬರೀ ಉಸಿರು ಬಂತು. ಟೇಪಿನಲ್ಲಿ ಈಗಲೂ ಅಲ್ಲಿ ಪವರ್‌ಲೂಮಿನ ಸದ್ದೊಂದೇ ಇದೆ.

ಆಪರೇಷನ್ನಿನ ನಂತರ ಎರಡು ವರ್ಷ ಬದುಕಿದ್ದರು. ಸಂಜೆ ಅವರು ಹಲಗೆ ತುಳಿಯುತ್ತಿದ್ದರು; ತುಳಿತ ಗುರುತಿಸಿ ನಾನು ಹಾಡಿನ ಮಾತು ಹೇಳುತ್ತಿದ್ದೆ. ಹತ್ತು ಮುಗಿದ ಮೇಲೆ ತುಳಿತ ಬದಲಾಗುತ್ತಿತ್ತು. ಹಿಟ್ಟಿನ ಕೈಯಲ್ಲೇ ಕಾಕಿ ಒಳಗಿನಿಂದ ಬಂದು ಆ ಹೆಬ್ಬೆರಳನ್ನೇ ನೋಡುತ್ತ ನಿಲ್ಲುತ್ತಿದ್ದಳು. ಕಾಕಾ ತುಟಿ ಆಡಿಸುತ್ತಿದ್ದರು. ಆ ಹಾಡಿನ ಮಾತು ನಮಗಿಬ್ಬರಿಗೂ ಹಿಡಿಯಲಾಗುತ್ತಿರಲಿಲ್ಲ.

ಅವರು ತೀರಿಕೊಂಡ ದಿನ ಕಾಕಿ ಅಳುವ ಮೊದಲು ನನ್ನನ್ನು ಕೇಳಿದಳು: "ಏನಿತ್ರಿ ಮಾಸ್ತರ, ಅದ್ರಾಗ?"

ಜಮಖಾನೆಯ ಮೇಲೆ ನಾನು ಕಳೆದ ಆ ಒಂದು ತಾಸು ನೆನೆಯುತ್ತ ಕುಣಿಗೆ ಇಳಿದು, ನೆನಪಿದ್ದಷ್ಟು ಆ ಹನ್ನೊಂದನೆಯ ತುಳಿತವನ್ನು ತುಳಿದೆ.